ಆರ್‌ವಿ ಟೈರುಗಳ ಗಾಳಿಯೊತ್ತಡ

ಅಮೆರಿಕ ಮತ್ತು ಕೆನಡಾಗಳಲ್ಲಿ ಮೋಟರ್‌ಹೋಮ್‌ಗಳನ್ನೂ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ವಾಸದ ಟ್ರೈಲರ್‌ಗಳನ್ನೂ ಒಟ್ಟಾಗಿ ಆರ್‌ವಿ ಎನ್ನುತ್ತಾರೆ. ಇವುಗಳ ಟೈರಿನ ಪಾಡೇ ಬೇರೆ. ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದು, ರಜೆ ಬಂತೆಂದರೆ ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು, ಫ್ರಿಜ್ಜು, ಮಂಚ ಎಲ್ಲವನ್ನೂ ಹೊತ್ತು ಹೆದ್ದಾರಿಯಲ್ಲಿ ಓಡಬೇಕು. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಕಾಯುತ್ತದೆ; ಒಳಪದರಗಳು ಬಿಟ್ಟುಕೊಂಡು ಟೈರು ಸಿಡಿಯುವುದು ಹೆಚ್ಚಾಗಿ ಈ ಕಾವಿನಿಂದ.

ಎಷ್ಟು ಗಾಳಿ ಬೇಕೆಂಬುದು ಚಕ್ರದ ಮೇಲಿನ ಭಾರಕ್ಕೆ ಸೇರಿದ ಮಾತು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿ, ಅದು ತನ್ನ ಗರಿಷ್ಠ ಭಾರ ಹೊರಲು ಬೇಕಾದ ಒತ್ತಡ. ಟ್ರೈಲರ್‌ಗೆಂದೇ ಮಾಡಿದ ಎಸ್‌ಟಿ ಟೈರುಗಳಲ್ಲಿ ಇದು ಸಾಮಾನ್ಯವಾಗಿ ಸಿ ದರ್ಜೆಗೆ 50, ಡಿ ದರ್ಜೆಗೆ 65, ಇ ದರ್ಜೆಗೆ 80 ಪಿಎಸ್‌ಐ. ಟ್ರೈಲರ್‌ನ ಎಡಮಗ್ಗುಲಿಗೆ ಅಂಟಿಸಿದ ಫಲಕದಲ್ಲೂ ಹೆಚ್ಚಾಗಿ ಇದೇ ಇರುತ್ತದೆ. ದೊಡ್ಡ ಮೋಟರ್‌ಹೋಮ್‌ಗಳನ್ನು ಮಾತ್ರ ಸಾಮಾನೆಲ್ಲ ತುಂಬಿದ ಮೇಲೆ ತೂಗಿಸುವುದೇ ಸರಿ. ಟ್ರಕ್ಕುಗಳು ತಂಗುವ ಕಡೆ ಇರುವ ವೇಬ್ರಿಜ್‌ಗಳಲ್ಲಿ ಪ್ರತಿ ಆಕ್ಸಲ್‌ನ ತೂಕ ಸಿಗುತ್ತದೆ. ಎಡ ಬಲ ಬೇರೆಯಾಗಿ ತೂಗಿಸಲು ಸಾಧ್ಯವಾದರೆ, ಭಾರ ಹೆಚ್ಚಿರುವ ಕಡೆಗೆ ತಯಾರಕರ ಕೋಷ್ಟಕ ಹೇಳುವ ಒತ್ತಡವನ್ನೇ ಆ ಆಕ್ಸಲ್‌ನ ಎಲ್ಲ ಟೈರುಗಳಿಗೂ ತುಂಬಬೇಕು.

ಈ ಅಂಕಿಗಳೆಲ್ಲ ತಣ್ಣನೆಯ ಟೈರಿಗೆ, ಅಂದರೆ ಕನಿಷ್ಠ ಮೂರು ಗಂಟೆ ನಿಂತಿರುವ ಬಂಡಿಗೆ ಅನ್ವಯಿಸುತ್ತವೆ. ಬೆಳಗ್ಗೆ ಬಿಸಿಲು ಬೀಳುವ ಮುನ್ನ ಅಳೆಯುವುದು ವಾಸಿ. ಬಿಸಿಲಿಗೆ ಮೈಯೊಡ್ಡಿದ ಮಗ್ಗುಲಿನ ಟೈರು ನೆರಳಿನ ಕಡೆಯದಕ್ಕಿಂತ ಹೆಚ್ಚು ತೋರಿಸುತ್ತದೆ. ಮಿನ್ನೆಸೋಟಾದ ಸೊನ್ನೆ ಡಿಗ್ರಿ ಚಳಿಯಲ್ಲಿ 80 ತುಂಬಿಸಿಕೊಂಡು ಹೊರಟ ಟೈರು, ಆರಿಜೋನಾದ 20 ಡಿಗ್ರಿಯ ಮುಂಜಾನೆ ಹೆಚ್ಚುಕಡಿಮೆ 87 ತೋರಿಸೀತು. ಅಲ್ಲಿ ಇಳಿಸಿಕೊಂಡವರು ಉತ್ತರಕ್ಕೆ ಮರಳುವಾಗ ಮತ್ತೆ ತುಂಬಿಸಿಕೊಳ್ಳಲೇಬೇಕು. ಓಡಿ ಬಿಸಿಯಾದ ಟೈರಿನಿಂದ ಮಾತ್ರ ಗಾಳಿ ಬಿಡುವುದು ತಪ್ಪು: ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಟೈರು ತಯಾರಾಗಿರುತ್ತದೆ, ತಣ್ಣಗಾದಾಗ ಒತ್ತಡ ಕೊರತೆ ಬೀಳುತ್ತದೆ.

ಹಿಂದೆ ಜೋಡಿ ಚಕ್ರಗಳಿದ್ದಲ್ಲಿ ಒಳಗಿನದೇ ತಲೆನೋವು. ಕೆಲವರು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ; ಪೂರ್ತಿ ಇಳಿದ ಟೈರನ್ನು ಅದು ಹಿಡಿದುಕೊಡುತ್ತದೆ, 20 ಪಿಎಸ್‌ಐ ಕೊರತೆಯನ್ನಲ್ಲ. ಒಂದರ ಗಾಳಿ ಇಳಿದರೆ ಅದರ ಭಾರವೂ ಜೊತೆಯದರ ಮೇಲೆ ಬೀಳುತ್ತದೆ. ಹೊರಗಿನದಕ್ಕೂ ಒಳಗಿನದಕ್ಕೂ ಎಟಕುವ ಎರಡು ಬಾಯಿಯ ಟ್ರಕ್ ಗೇಜು ಇಲ್ಲಿ ಬೇಕು. ವಾಲ್ವನ್ನೂ ನೋಡಿಕೊಳ್ಳಬೇಕು: ಸಾಧಾರಣ ರಬ್ಬರ್ ವಾಲ್ವು ತಾಳುವುದು 65 ಪಿಎಸ್‌ಐವರೆಗೆ, ಅದರ ಮೇಲೆ ಲೋಹದ್ದೋ ಹೆಚ್ಚಿನ ಒತ್ತಡದ್ದೋ ಆಗಬೇಕು.

ಅಮೆರಿಕದಲ್ಲಿ 2000ರ ಟ್ರೆಡ್ ಕಾಯಿದೆಯ ಫಲವಾಗಿ, 2007ರ ಸೆಪ್ಟೆಂಬರ್‌ನಿಂದ ಹಗುರ ವಾಹನಗಳಿಗೆ ಗಾಳಿ ಇಳಿದರೆ ಎಚ್ಚರಿಸುವ ಟಿಪಿಎಂಎಸ್ ಕಡ್ಡಾಯವಾಯಿತು. ಟ್ರೈಲರ್‌ಗಳೂ 4,536 ಕೆ.ಜಿ. ಮಿತಿಗಿಂತ ಭಾರದ ಮೋಟರ್‌ಹೋಮ್‌ಗಳೂ ಅದರಿಂದ ಹೊರಗುಳಿದವು. ಆದ್ದರಿಂದ ವಾಲ್ವಿನ ತುದಿಗೆ ತಿರುಗಿಸಿ ಕೂರಿಸುವ ಸೆನ್ಸರ್‌ಗಳನ್ನು ಹಲವು ಮಾಲೀಕರು ತಾವೇ ಕೊಂಡು ಹಾಕಿಕೊಳ್ಳುತ್ತಾರೆ. ಟ್ರೈಲರ್ ಟೈರು ಒಡೆದದ್ದು ಮುಂದೆ ಕೂತ ಚಾಲಕನಿಗೆ ಒಮ್ಮೊಮ್ಮೆ ತಿಳಿಯುವುದೇ ಇಲ್ಲವಾದ್ದರಿಂದ ಈ ಖರ್ಚು ದಂಡವಲ್ಲ.

ನಿಲ್ಲಿಸಿಟ್ಟ ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಟ್ರೈಲರ್‌ನ ಬೆನ್ನಿಗೆ ನೇತುಹಾಕಿದ ಸ್ಟೆಪ್ನಿಗೂ ಈ ಲೆಕ್ಕ ತಪ್ಪದು, ಅದಕ್ಕೆ ಗೇಜು ಹಚ್ಚುವವರು ಮಾತ್ರ ಕಡಿಮೆ.