ಒಡೆದ ಸಿಂಹಾಸನದ ಪೂರ್ವೋತ್ತರ



ಹಳೆಯ ಬೆಲೆಬಾಳುವ ಪದಾರ್ಥಗಳನ್ನು ಹರಾಜುಹಾಕುವ ಸಂಸ್ಥೆಗಳು ಲಂಡನ್ ನಗರದಲ್ಲಿ ಎರಡು ಶತಮಾನಗಳಿಗೂ ಮೇಲ್ಪಟ್ಟು ನಡೆದುಬಂದಿವೆ. ಸವಾಲು ಕೂಗುವ ದಿನಕ್ಕೆ ಮೊದಲೇ ಅಲ್ಲಿ ಒಂದು ಪಟ್ಟಿಯನ್ನು ಅಚ್ಚುಹಾಕಿಸಿ ಹಂಚುತ್ತಾರೆ. ಅದರಲ್ಲಿ ಪದಾರ್ಥದ ವರ್ಣನೆಯೊಡನೆ ಎರಡು ಸಂಗತಿಗಳನ್ನು ವಿಶೇಷವಾಗಿ ಬರೆದಿರುವುದುಂಟು. ಒಂದು, ಅದರ ಸ್ಥಿತಿ: ಎಲ್ಲಿ ಮುಕ್ಕಾಗಿದೆ, ಯಾವ ಹರಳು ಉದುರಿದೆ, ಯಾವ ಭಾಗವನ್ನು ಈಚೆಗೆ ದುರಸ್ತಿಮಾಡಿದೆ ಎಂಬುದು. ಇನ್ನೊಂದು, ಅದರ ಪೂರ್ವೋತ್ತರ: ಅದು ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದು. ನಮ್ಮಲ್ಲಿ ಹೆಣ್ಣು ಕೊಡುವವರು ಗೋತ್ರಸೂತ್ರಗಳನ್ನು ವಿಚಾರಿಸುವಂತೆಯೇ ಅಲ್ಲಿ ಕೊಳ್ಳುವವರು ಈ ಪೂರ್ವೋತ್ತರವನ್ನು ಕೆದಕಿ ಕೆದಕಿ ನೋಡುತ್ತಾರೆ. ಚಿನ್ನದ ತೂಕಕ್ಕಿಂತ ಈ ನಾಲ್ಕು ಸಾಲಿನ ತೂಕವೇ ಹೆಚ್ಚು.

ಆ ಪಟ್ಟಿಗಳಲ್ಲಿ ನಮ್ಮ ಸೀಮೆಯ ಒಂದು ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಅದೇ ಶ್ರೀರಂಗಪಟ್ಟಣ. ಅದರ ಜೊತೆಯಲ್ಲಿ ಬರುವ ದಿನವೂ ಒಂದೇ: 1799ನೆಯ ಇಸವಿ ಮೇ 4.

ಅಂದು ಮಧ್ಯಾಹ್ನ ಕೋಟೆ ಬಿದ್ದು, ಟಿಪ್ಪು ಸುಲ್ತಾನನು ಮಡಿದ ಮೇಲೆ, ರಾತ್ರಿಯೆಲ್ಲಾ ಊರು ಸೂರೆಯಾಯಿತು. ಮಾರನೆಯ ದಿನ ಊರಿನ ಅಧಿಕಾರವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು, ಅಪಾರ ಬೆಲೆಯ ಒಡವೆಗಳನ್ನೂ ಚಿನ್ನದ ಗಟ್ಟಿಗಳನ್ನೂ ಸಿಪಾಯಿಗಳು ದಂಡಿನ ಬಜಾರಿನಲ್ಲಿ ಮಾರಾಟಕ್ಕಿಟ್ಟಿದ್ದರೆಂದು ತನ್ನ ಅಣ್ಣನಾದ ಗವರ್ನರ್ ಜನರಲ್ಲನಿಗೆ ಬರೆದನು. ಕೆಲವರನ್ನು ನೇಣಿಗೇರಿಸಿದ ಮೇಲೆಯೇ ಸೂರೆ ನಿಂತದ್ದು. ಆದರೆ ನಿಂತದ್ದು ಕಾನೂನಿಲ್ಲದ ಸೂರೆ ಮಾತ್ರ. ಕಾನೂನಿನಂತೆ ನಡೆಯುವ ಸೂರೆ ಆಮೇಲೆ ಆರಂಭವಾಯಿತು. ಗೆದ್ದ ಸೈನ್ಯಕ್ಕೆ ಸೋತವನ ಸೊತ್ತನ್ನು ದರ್ಜೆಗೆ ತಕ್ಕಂತೆ ಹಂಚುವುದು ಆ ಕಾಲದ ಪದ್ಧತಿ; ಅದಕ್ಕಾಗಿ ಪ್ರೈಜ್ ಏಜೆಂಟರೆಂಬ ಅಧಿಕಾರಿಗಳು ನೇಮಕವಾಗುತ್ತಿದ್ದರು. ದಂಡನಾಯಕ ಹ್ಯಾರಿಸನ ಪಾಲಿಗೆ ಲಕ್ಷ ಪೌಂಡಿಗೂ ಮೀರಿ ಬಂದಿತು. ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು ಕೆಲವೇ ಪೌಂಡುಗಳು.

ಈ ಹಂಚಿಕೆಯ ತೊಡಕಿಗೆ ಸಿಕ್ಕಿದ್ದು ಸುಲ್ತಾನನ ಸಿಂಹಾಸನ. ಸಿಂಹಾಸನವೆಂದದ್ದು ರೂಢಿಯ ಮಾತು, ಅಲ್ಲಿದ್ದುದು ಹುಲಿ. ಮರದ ಮೇಲೆ ಚಿನ್ನದ ತಗಡು ಹೊದಿಸಿದ ಎಂಟು ಮೂಲೆಯ ಪೀಠ. ಅದರ ಬುಡದಲ್ಲಿ ಸ್ಫಟಿಕದ ಹಲ್ಲುಗಳ ದೊಡ್ಡ ಹುಲಿಯ ತಲೆ. ಸುತ್ತಲಿನ ಕಟಕಟೆಯ ಮೇಲೆ ರತ್ನಖಚಿತವಾದ ಎಂಟು ಪುಟ್ಟ ಹುಲಿದಲೆಗಳು. ಎಲ್ಲಕ್ಕೂ ಮೇಲೆ ಛತ್ರಿಯ ನೆತ್ತಿಯಲ್ಲಿ ಹುಮಾ ಪಕ್ಷಿ. ಇದರ ನೆರಳು ಯಾರ ತಲೆಯ ಮೇಲೆ ಬಿದ್ದರೆ ಅವನು ಅರಸನಾಗುವನೆಂದು ಪಾರಸಿಕರ ನಂಬಿಕೆ. ಇಂಗ್ಲಿಷರನ್ನು ಸೋಲಿಸುವವರೆಗೆ ಅದನ್ನು ಏರುವುದಿಲ್ಲವೆಂದು ಸುಲ್ತಾನನು ಶಪಥಮಾಡಿದ್ದನೆಂಬ ಹೇಳಿಕೆಯೂ ಉಂಟು.

ಒಂದು ಪೀಠವನ್ನು ಸಾವಿರಾರು ಮಂದಿಗೆ ಹಂಚುವುದು ಹೇಗೆ? ಏಜೆಂಟರು ಅದನ್ನು ಒಡೆದು ಚೂರುಮಾಡಿದರು. ಇಡೀ ಪೀಠವನ್ನು ಇಂಗ್ಲೆಂಡಿಗೆ ಕಳುಹಿಸಬೇಕೆಂದಿದ್ದ ಗವರ್ನರ್ ಜನರಲ್ಲನಿಗೆ ಇದರಿಂದ ಬಹಳ ವ್ಯಸನವಾಯಿತು. ಅಂಥದೊಂದು ಇದ್ದಿತೆಂಬ ಸಮಾಚಾರ ತನ್ನನ್ನು ಮುಟ್ಟುವ ಮೊದಲೇ ಏಜೆಂಟರ ಅವಿವೇಕದ ಉತ್ಸಾಹ ಅದನ್ನು ಮುರಿದು ಹಾಕಿತೆಂದು ಅವನು ದೂರಿದನು. ಅಪಹರಿಸಿದುದಕ್ಕಲ್ಲ, ಚೂರಾದುದಕ್ಕೆ ಅವನ ವ್ಯಸನ ಎಂಬುದನ್ನು ಗಮನಿಸಬೇಕು. ದೊಡ್ಡ ಹುಲಿದಲೆಯೂ ಹುಮಾ ಪಕ್ಷಿಯೂ ಈಗ ಇಂಗ್ಲೆಂಡಿನ ಅರಸುಮನೆತನದ ಸಂಗ್ರಹದಲ್ಲಿವೆ. ಪುಟ್ಟ ಹುಲಿದಲೆಗಳಲ್ಲಿ ಒಂದು ವೇಲ್ಸ್ ಸೀಮೆಯ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು 2009ರಲ್ಲಿ ಲಂಡನಿನ ಬಾನಮ್ಸ್ ಹರಾಜಿನಲ್ಲಿ 3,89,600 ಪೌಂಡುಗಳಿಗೆ ಹೋಯಿತು. ಅಂಥದೊಂದು ತಲೆಗೆ 2021ರಲ್ಲಿ 15 ಲಕ್ಷ ಪೌಂಡುಗಳ ಬೆಲೆ ಕಟ್ಟಿ, ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರವು ಕೆಲವು ಕಾಲ ತಡೆಹಾಕಿತು. ತಮ್ಮ ನಾಡಿನ ಆಸ್ತಿ ಹೊರಗೆ ಹೋಗಬಾರದೆಂಬುದೇ ಅದಕ್ಕೆ ಅವರು ಕೊಟ್ಟ ಕಾರಣ. ಇದನ್ನು ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಕತ್ತಿಯ ವಿಷಯ. 2023ರ ಮೇ 23ರಂದು, ಸುಲ್ತಾನನ ಶಯನಗೃಹದಲ್ಲಿ ದೊರೆತದ್ದೆಂದು ಹೇಳಲಾದ ಕತ್ತಿ ಅದೇ ಬಾನಮ್ಸ್ ಹರಾಜಿಗೆ ಬಂದಿತು. ಹದಿನೈದರಿಂದ ಇಪ್ಪತ್ತು ಲಕ್ಷ ಪೌಂಡು ಬಂದೀತೆಂದು ಅಂದಾಜುಮಾಡಿದ್ದರು. ಸುತ್ತಿಗೆ ಬಿದ್ದು ಲೆಕ್ಕ ಮುಗಿದಾಗ ಆದದ್ದು 1,40,80,900 ಪೌಂಡು. ಮುತ್ತಿಗೆಯ ದಿನ ಲಗ್ಗೆಯ ಮುಂದಾಳಾಗಿದ್ದ ಮೇಜರ್ ಜನರಲ್ ಡೇವಿಡ್ ಬೇರ್ಡನಿಗೆ ಸೈನ್ಯವು ಅದನ್ನು ಗೌರವಾರ್ಥವಾಗಿ ಅರ್ಪಿಸಿತು ಎಂಬುದು ಅದರ ಪೂರ್ವೋತ್ತರ. ‘ಅರ್ಪಿಸಿತು’ ಎಂಬ ಶಬ್ದ ಎಷ್ಟು ಮೃದು! ಅರ್ಪಿಸಿದವರಿಗೆ ಅದು ಎಲ್ಲಿಂದ ಬಂದಿತೆಂದು ಕೇಳುವವರಿಲ್ಲ. ಕೇಳಬೇಕಾಗಿಯೂ ಇಲ್ಲ, ಏಕೆಂದರೆ ಆ ಉತ್ತರವೇ ಬೆಲೆಯನ್ನು ಏರಿಸುವಂಥದು. ಬೇರೆ ಸೊತ್ತಿಗೆ ಕಳ್ಳತನದ ಸಂದೇಹ ಬಂದರೆ ಬೆಲೆ ಬೀಳುತ್ತದೆ. ಇಲ್ಲಿ ಕೊಳ್ಳೆಯ ಸಾಕ್ಷ್ಯವೇ ಹಕ್ಕುಪತ್ರ.

ಸ್ಥಿತಿಯ ವಿಷಯದಲ್ಲಿಯೂ ಹಾಗೆಯೇ. ಕಂಪೆನಿಯ ಸೇವೆಯಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಎಂಬಾತನು ಒಯ್ದಿದ್ದ ಆಯುಧಗಳು ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿದ್ದು, 2019ರಲ್ಲಿ ಬರ್ಕ್‌ಷೈರಿನಲ್ಲಿ ಹರಾಜಾದವು. ಅವುಗಳಲ್ಲಿದ್ದ ಬಂದೂಕಿಗೆ ಪೆಟ್ಟು ಬಿದ್ದಿತ್ತು. ಅದು ರಣರಂಗದಿಂದಲೇ ಎತ್ತಿಕೊಂಡದ್ದೆಂಬುದಕ್ಕೆ ಆ ಪೆಟ್ಟೇ ಗುರುತೆಂದು ಹರಾಜುದಾರರು ಸಾರಿದರು. ಮುಕ್ಕಾದ ಪಿಂಗಾಣಿ ಬಟ್ಟಲಿಗೆ ಬೆಲೆ ಇಳಿಯುತ್ತದೆ. ಈ ಬಂದೂಕಿಗೆ ಗಾಯವೇ ಅಲಂಕಾರವಾಯಿತು.

ಹಾಗೆಂದು ಪಟ್ಟಿಯಲ್ಲಿ ಬರೆದುದನ್ನೆಲ್ಲಾ ನಂಬುವಂತಿಲ್ಲ. 2014ರಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ನಾಗರೀ ಲಿಪಿಯಲ್ಲಿ ‘ರಾಮ’ ಎಂದು ಕೊರೆದ ಚಿನ್ನದ ಉಂಗುರವೊಂದನ್ನು, ಸುಲ್ತಾನನ ಬೆರಳಿನಿಂದ ತೆಗೆದದ್ದೆಂಬ ಪ್ರತೀತಿಯ ಮೇಲೆ ಮಾರಿದರು. ಅಂದಾಜಿನ ಸುಮಾರು ಹತ್ತರಷ್ಟು ಬೆಲೆ ಬಂದಿತು. ಸುಲ್ತಾನನು ಅದನ್ನು ತೊಟ್ಟಿದ್ದನೆಂಬ ಮಾತನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಾನು ಅವರ ಪಕ್ಷ.

ನಮ್ಮ ದೇಶದ 1972ರ ಪ್ರಾಚೀನವಸ್ತುಗಳ ಶಾಸನವು ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ಹೊರಕ್ಕೆ ಸಾಗಿಸದಂತೆ ತಡೆಯುತ್ತದೆ. ಯುನೆಸ್ಕೋ ಸಂಸ್ಥೆಯ 1970ರ ಒಪ್ಪಂದವೂ ಅಂಥದೇ. ಎರಡೂ ಮುಂದಕ್ಕೆ ನೋಡುವ ಕಾನೂನುಗಳು. 1799ರವರೆಗೆ ಅವುಗಳ ಕೈ ಚಾಚದು. ಆದುದರಿಂದ ಆ ಚೂರುಗಳಲ್ಲಿ ಒಂದು ನಮಗೆ ಬೇಕೆಂದರೆ ಹರಾಜಿನಲ್ಲಿ ಉಳಿದವರ ಜೊತೆ ಕುಳಿತು ನಾವೂ ಕೈ ಎತ್ತಬೇಕು. ನಮ್ಮಿಂದ ಹೋದುದಕ್ಕೆ ನಾವೇ ಹಣ ತೆರಬೇಕು. ಹಾಗೆ ಮಾಡುವುದು ಸರಿಯೆನ್ನುವವರೂ ಇದ್ದಾರೆ, ಅವಮಾನವೆನ್ನುವವರೂ ಇದ್ದಾರೆ. ಹಣ ತೆತ್ತರೆ ಆ ‘ಅರ್ಪಿಸಿತು’ ಎಂಬ ಶಬ್ದಕ್ಕೆ ನಮ್ಮ ರುಜುವನ್ನೂ ಹಾಕಿದಂತಾಗುವುದೆಂದು ನನಗೆ ತೋರುತ್ತದೆ.

ಮೈಸೂರಿನಿಂದ ಹತ್ತು ಮೈಲಿಯೊಳಗಿರುವ ಆ ಊರಿಗೆ ಹೋದವರು ದರಿಯಾ ದೌಲತ್ತಿನ ಗೋಡೆಯನ್ನು ನೋಡಿರಬಹುದು. 1780ರ ಪೊಳಲೂರು ಕಾಳಗವನ್ನು ಅಲ್ಲಿ ಬಣ್ಣದಲ್ಲಿ ಬರೆದಿದೆ. ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಅವನ ಸೈನ್ಯ ಸುತ್ತುವರಿಯಲ್ಪಟ್ಟಿದೆ. ಅಂದು ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ಬಂದಿಯಾಗಿದ್ದವರಲ್ಲಿ, ಮುಂದೆ ಕತ್ತಿಯನ್ನು ಪಡೆದ ಬೇರ್ಡನೂ ಒಬ್ಬ. ಆ ಗೋಡೆಯನ್ನು ಏಜೆಂಟರು ಹಂಚಲಿಲ್ಲ. ಬಣ್ಣ ಮಾಸಿ, ಆಗಾಗ್ಗೆ ಹೊಸದಾಗಿ ಬರೆಸಲ್ಪಟ್ಟು, ಅದು ಬರೆದ ಜಾಗದಲ್ಲಿಯೇ ಇದೆ.