ಕತ್ತಲೆ ದಕ್ಷಿಣಕ್ಕೆ ಯಾಕೆ ಬರಲಿಲ್ಲ?

2012ರ ಜುಲೈ 30 ಮತ್ತು 31 ನೆನಪಿದೆಯಾ? ಮೊದಲ ದಿನ ಉತ್ತರ ಭಾರತದ ಗ್ರಿಡ್ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಬಿದ್ದವು. ರೈಲುಗಳು ದಾರಿಯಲ್ಲೇ ನಿಂತವು. ಗಣಿಯೊಳಗೆ ಕಾರ್ಮಿಕರು ಸಿಕ್ಕಿಬಿದ್ದರು. 60 ಕೋಟಿಗೂ ಹೆಚ್ಚು ಜನ ಇರುವ ನಾಡಿಗೆ ಕರೆಂಟ್ ಇಲ್ಲ. ಆದರೆ ಬೆಂಗಳೂರಿನಲ್ಲಿ ದೀಪ ಉರಿಯುತ್ತಿತ್ತು. ಅದೃಷ್ಟವಾ? ಅಲ್ಲ. ಅದಕ್ಕೊಂದು ಇತಿಹಾಸವಿದೆ, ಅದರ ಒಂದು ತುದಿ ನಮ್ಮ ಕೋಲಾರದಲ್ಲಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ ಅದು. ಹರಿದದ್ದು ಎಸಿ. ಯಾಕಂದ್ರೆ ಎಸಿ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಸುಲಭವಾಗಿ ಏರಿಸುತ್ತೆ, ಇಳಿಸುತ್ತೆ. ಎಡಿಸನ್ ನೆಚ್ಚಿಕೊಂಡಿದ್ದ ಡಿಸಿಗೆ ಆ ಅನುಕೂಲ ಇರಲಿಲ್ಲ. ಡಿಸಿ ಸೋತಿತು.

ಆದರೆ ಎಸಿಗೊಂದು ಕಟ್ಟುಪಾಡಿದೆ. ಅದರ ಜಾಲದಲ್ಲಿರುವ ಜನರೇಟರ್‌ಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ಸೆಕೆಂಡಿಗೆ 50 ಆವರ್ತನದ ಲಯದಲ್ಲೇ ನಡೆಯಬೇಕು. ಒಂದು ಮುಗ್ಗರಿಸಿದರೆ ಉಳಿದವನ್ನೂ ಎಳೆಯುತ್ತೆ. ಡಿಸಿಗೆ ಆವರ್ತನವೇ ಇಲ್ಲ, ಹಾಗಾಗಿ ನೊಗವೂ ಇಲ್ಲ. ಬಹಳ ದೂರಕ್ಕೆ ಅದರಲ್ಲಿ ನಷ್ಟವೂ ಕಡಿಮೆ. ಬೇಕಿದ್ದದ್ದು ಎಸಿಯನ್ನು ಡಿಸಿ ಮಾಡಿ, ಆ ತುದಿಯಲ್ಲಿ ಮತ್ತೆ ಎಸಿ ಮಾಡುವ ಯಂತ್ರ. 1954ರಲ್ಲಿ ಸ್ವೀಡನ್ ಪಾದರಸದ ವಾಲ್ವ್‌ಗಳಿಂದ ಗಾಟ್‌ಲ್ಯಾಂಡ್ ದ್ವೀಪಕ್ಕೆ ಸಮುದ್ರದಡಿ 20 ಮೆಗಾವ್ಯಾಟ್ ಕಳಿಸಿತು. ಆಮೇಲೆ ಸಿಲಿಕಾನ್ ಥೈರಿಸ್ಟರ್ ಬಂತು. ಇಂಜಿನಿಯರಿಂಗ್ ಓದುವಾಗ ನನಗದು ಹತ್ತು ಮಾರ್ಕಿನ ಪ್ರಶ್ನೆ, ಅಷ್ಟೆ. ಸಣ್ಣ ಸಿಗ್ನಲ್ ಕೊಟ್ಟರೆ ಭಾರೀ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸ್ವಿಚ್ ಅದು. ಅಂಥವನ್ನು ಸಾಲಾಗಿ ಜೋಡಿಸಿದರೆ ಲಕ್ಷಗಟ್ಟಲೆ ವೋಲ್ಟ್ ತಡೆದುಕೊಳ್ಳುತ್ತವೆ.

2003ರಲ್ಲಿ ಅದೇ ತಂತ್ರದಿಂದ ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,400 ಕಿಲೋಮೀಟರ್ ದೂರದ ಕೋಲಾರಕ್ಕೆ ಡಿಸಿ ಬಂತು: 500 ಕಿಲೋವೋಲ್ಟ್, 2,000 ಮೆಗಾವ್ಯಾಟ್. ಎಸಿ ಗೆದ್ದು ಬಂದ ಜಿಲ್ಲೆಗೇ ಡಿಸಿ ಮರಳಿತು. ಅಷ್ಟರಲ್ಲಿ ಚಿನ್ನದ ಗಣಿ ಮುಚ್ಚಿ ಎರಡು ವರ್ಷವಾಗಿತ್ತು.

2012ರಲ್ಲಿ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಬೆಸೆದುಕೊಂಡಿದ್ದು ಇಂಥ ಡಿಸಿ ಕೊಂಡಿಗಳಿಂದ ಮಾತ್ರ. ತಾಲ್ಚೇರ್-ಕೋಲಾರ ಒಂದು. ಇನ್ನೆರಡು ಮಹಾರಾಷ್ಟ್ರದ ಭದ್ರಾವತಿ (ನಮ್ಮ ಭದ್ರಾವತಿ ಅಲ್ಲ) ಮತ್ತು ವಿಶಾಖಪಟ್ಟಣದ ಗಾಜುವಾಕದಲ್ಲಿ. ಅತ್ತ ಲಯ ತಪ್ಪಿದಾಗ ನಮಗೆ ಒಂದಿಷ್ಟು ಕರೆಂಟ್ ಕಡಿಮೆಯಾಯ್ತು. ಆದರೆ ಆ ಮುಗ್ಗರಿಕೆ ಕೊಂಡಿ ದಾಟಲಿಲ್ಲ.

ಈಗ ಹಾಗಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಎಸಿ ಮಾರ್ಗ ಚಾಲೂ ಆಗಿ ಇಡೀ ದೇಶ ಒಂದೇ ಗ್ರಿಡ್ ಆಯ್ತು. ಇದರಿಂದ ಲಾಭವೇ ಹೆಚ್ಚು, ಕೊರತೆ ಬಿದ್ದಾಗ ಎಲ್ಲಿಂದಲಾದರೂ ತರಿಸಿಕೊಳ್ಳಬಹುದು. ಆದರೆ ನಾವೂ ಅದೇ ನೊಗಕ್ಕೆ ಹೆಗಲು ಕೊಟ್ಟಿದ್ದೇವೆ. 2012ರ ಕುಸಿತಕ್ಕೆ ಒಂದು ಕಾರಣ, ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆದದ್ದು. ಮುಂದಿನ ಬೇಸಿಗೆಯಲ್ಲಿ "ನಮಗೆ ಬೇಕಾದಷ್ಟು ಎಳೆದುಕೊಳ್ಳೋಣ, ಯಾರು ಕೇಳ್ತಾರೆ" ಅನ್ನುವ ಮಾತು ಯಾರ ಬಾಯಿಂದ ಬಂದರೂ ಈ ಇತಿಹಾಸ ನೆನಪಿಸಿ.