ಮಿರಗದಿಂದ ಶುರುವಾಗುತ್ತಿದ್ದ ವರ್ಷ

ನವಲಗುಂದ ಸೀಮೆಯ ಮುಸ್ಲಿಂ ಒಕ್ಕಲು ಮನೆಗಳಲ್ಲಿ ಕಾಲಕ್ಕೆ ಎರಡು ಲೆಕ್ಕ. ಹಬ್ಬಕ್ಕೆ ಚಂದ್ರನ ಲೆಕ್ಕ, ಬಿತ್ತಿಗೆಗೆ ಮಳೆಯ ಲೆಕ್ಕ. ಈದ್‌ಗೆ ಮುಗಿಲಲ್ಲಿ ಚಂದ್ರನನ್ನು ಹುಡುಕುವ ಅಜ್ಜನೇ ಕೂರಿಗೆ ಹೂಡುವ ಮುಂಚೆ ಮಿರಗ, ಆರಿದ್ರಾ, ಪುಷ್ಯ, ಮಘ, ಉತ್ತರಿ, ಹಸ್ತ, ಚಿತ್ತಿ ಎಂದು ಬೆರಳು ಮಡಚುತ್ತಾನೆ. ಇದರಲ್ಲಿ ಯಾವುದು ನಮ್ಮದು, ಯಾವುದು ಪರರದು ಎಂಬ ಪ್ರಶ್ನೆ ಅವನಿಗೆ ಏಳುವುದಿಲ್ಲ. ನಾಲ್ಕಕ್ಷರ ಕಲಿತ ನಮಗೇ ಅದು ಎದ್ದದ್ದು. ಉತ್ತರವನ್ನು ಹಳೆಯ ದಫ್ತರಗಳು ಎಂದೋ ಬರೆದಿಟ್ಟಿವೆ.

ಹಿಜರಿ ವರ್ಷಕ್ಕೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಆದ್ದರಿಂದ ಅದರ ತಿಂಗಳುಗಳು ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2016ರಲ್ಲಿ ಮಿರಗದ ಮಳೆಯ ಹೊತ್ತಿಗೆ ಶುರುವಾದ ರಮಝಾನ್ 2025ರಲ್ಲಿ ಮಾರ್ಚ್‌ ಬಿಸಿಲಿಗೆ ಬಂದಿತ್ತು. ಉಪವಾಸಕ್ಕೆ ಇದು ನ್ಯಾಯವೇ: ಬಿಸಿಲಿನ ಕಷ್ಟವೂ ಚಳಿಯ ಸುಖವೂ ಎಲ್ಲರಿಗೂ ಸರದಿಯಂತೆ ಸಿಗುತ್ತವೆ. ಆದರೆ ಕಂದಾಯಕ್ಕೆ ಅದು ಒಗ್ಗುವುದಿಲ್ಲ. ಪೈರು ಹೊಲದಲ್ಲಿ ಹಸಿರಾಗಿರುವಾಗಲೇ ವಸೂಲಿಯವನು ಬಾಗಿಲಿಗೆ ಬಂದರೆ ರೈತ ಏನು ಕೊಟ್ಟಾನು? ಬಾಗ್ದಾದಿನ ಖಲೀಫ ಅಲ್ ಮುತಜಿದ್ ಇದೇ ಕಾರಣಕ್ಕೆ 895ರಲ್ಲಿ ಕಂದಾಯದ ವರ್ಷಾರಂಭವನ್ನು ಜೂನ್ ತಿಂಗಳಿಗೆ ತಳ್ಳಿದ್ದ. ಅಕ್ಬರನ ಕಾಲದಲ್ಲಿ ಉತ್ತರದಲ್ಲಿ ಫಸಲಿ ಸನ್ ಬಂತು.

ದಖ್ಖನಿನವರು ಅಕ್ಬರನಿಗಿಂತ ಎಷ್ಟೋ ಮೊದಲೇ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಅದರ ಹೆಸರು ಶುಹೂರ್ ಸನ್. ಹಿಜರಿ 745ಕ್ಕೆ, ಅಂದರೆ 1344ಕ್ಕೆ, ಅದರ ಆರಂಭವನ್ನು ಹೇಳುತ್ತಾರೆ. 'ಶುಹೂರ್' ಎಂದರೆ ಅರಬ್ಬಿಯಲ್ಲಿ ತಿಂಗಳುಗಳು. ಇಸವಿಯ ಅಂಕಿ ಹಿಜರಿಯಿಂದ ಬಂದದ್ದು, ನಡಿಗೆ ಮಾತ್ರ ಸೂರ್ಯನದು. ವರ್ಷ ಹುಟ್ಟುತ್ತಿದ್ದುದು ಸೂರ್ಯ ಮೃಗಶಿರಾ ನಕ್ಷತ್ರವನ್ನು ಹೊಗುವ ದಿನ. ಅದಕ್ಕೇ ಜನರ ಬಾಯಲ್ಲಿ ಅದು 'ಮೃಗ ಸಾಲ್' ಆಯಿತು. ನವಲಗುಂದವನ್ನು ಆಳಿದ ಬಿಜಾಪುರದ ಆದಿಲಶಾಹಿಗಳ ಕಾಗದಪತ್ರಗಳಲ್ಲಿ ಈ ಸನ್ ಇದೆ. ಅವರ ನಂತರ ಮರಾಠರ ಮೋಡಿ ಲಿಪಿಯ ದಫ್ತರಗಳೂ ಅದನ್ನೇ ಮುಂದುವರಿಸಿದವು. ಬ್ರಾಹ್ಮಣ ಕಾರಕೂನನೊಬ್ಬ 1770ರ ಮಿರಗದಲ್ಲಿ ವರ್ಷ ಬರೆಯಬೇಕಾದರೆ 'ಇಹಿದೆ ಸಬೈನ್ ಮಯಾ ವ ಅಲಫ್' ಎಂದು ಅರಬ್ಬಿ ಪದಗಳಲ್ಲೇ ಬರೆಯುತ್ತಿದ್ದ: ಒಂದು, ಎಪ್ಪತ್ತು, ನೂರು, ಸಾವಿರ, 1171. ಅರಬ್ಬಿಯ ಅಂಕಿ, ಸಂಸ್ಕೃತದ ನಕ್ಷತ್ರ, ದಖ್ಖನಿನ ಮಳೆ. ಯಾರೂ ಯಾರಿಗೂ ಪರರಾಗಿರಲಿಲ್ಲ.

ಇದು ರೈತನ ಮೇಲಿನ ಮಮತೆಯಿಂದ ಆದದ್ದೆಂದು ನಾವು ಹೇಳುವುದಿಲ್ಲ. ಸುಲ್ತಾನರಿಗೆ ಬೇಕಿದ್ದುದು ಖಜಾನೆ. ಆದರೆ ಖಜಾನೆ ತುಂಬಬೇಕಾದರೆ ಮಳೆಯ ಮಾತು ಕೇಳಬೇಕು ಎಂಬಷ್ಟು ತಿಳಿವಳಿಕೆ ಅವರಿಗಿತ್ತು. ಎರೆ ಮಣ್ಣಿನ ಸ್ವಭಾವವೇ ಹಾಗೆ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಂಡು ನೀರನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಹಿಂಗಾರಿ ಬೆಳೆ ಆ ಒಡಲ ಹಸಿಯನ್ನೂ ಇಬ್ಬನಿಯನ್ನೂ ನಂಬಿಯೇ ಬೆಳೆಯುತ್ತದೆ. ಕುಸುಬೆಯ ಮುಳ್ಳೇ ಜೋಳಕ್ಕೆ ಬೇಲಿ. ಎಳ್ಳ ಅಮವಾಸ್ಯೆಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ.

ನಮ್ಮ ಮಾತಿನಲ್ಲೂ ಈ ಬೆಸುಗೆ ಉಳಿದಿದೆ. 'ಹಂಗಾಮು' ಫಾರಸಿಯದು. 'ಫಸಲು' ಅರಬ್ಬಿಯದು. ಕೃಷಿ ಇಲಾಖೆಯ 'ಖಾರಿಫ್' ಅರಬ್ಬಿಯಲ್ಲಿ ಶರತ್ಕಾಲ, 'ರಬಿ' ವಸಂತ. ಅದೇ 'ರಬಿ' ಹೆಸರಿನ ರಬೀಉಲ್ ಅವ್ವಲ್ ತಿಂಗಳು 2024ರಲ್ಲಿ ಸೆಪ್ಟೆಂಬರ್ ಮಳೆಗೆ ಬಂದಿತ್ತು. ತಿಂಗಳು ಅಲೆಯುತ್ತದೆ, ಬೆಳೆ ಅಲೆಯಲಾರದು.

ಈ ಸರಳ ಮಾತನ್ನು ಮರೆತ ಸರಕಾರವನ್ನೂ ನವಲಗುಂದ ಕಂಡಿದೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದ ಮೇಲೆ ಅಭಿವೃದ್ಧಿ ಕರದ ನೋಟೀಸುಗಳು ಬಂದವು. ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ, ಹತ್ತಿ ಕೈಕೊಟ್ಟಿತ್ತು, ಕರ ಮಾತ್ರ ತಪ್ಪದೆ ಬಂತು. 1980ರ ಜುಲೈ 21ರಂದು ರೈತರು ಬೀದಿಗಿಳಿದರು. ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಗಿ ರೈತರು ಸತ್ತರು. ಪುಷ್ಯ ಮಳೆಯ ದಿನಗಳವು. ಹೊಲದಲ್ಲಿರಬೇಕಾದವರು ರಸ್ತೆಯಲ್ಲಿ ಬಿದ್ದಿದ್ದರು. ಈಗಲೂ ಆ ದಿನ ಇಲ್ಲಿ ಹುತಾತ್ಮರ ಸ್ಮರಣೆ ನಡೆಯುತ್ತದೆ.

ಇಂದು ಮಳೆಯೇ ಲೆಕ್ಕ ತಪ್ಪುತ್ತಿದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಉಕ್ಕಿ ಹೊಲಗಳನ್ನು ನುಂಗಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆದರೆ ಸಾಲದ ಕಂತು, ವಿಮೆಯ ಗಡುವು ಇವೆಲ್ಲ ಗೋಡೆಯ ಕ್ಯಾಲೆಂಡರಿನ ತಾರೀಖಿಗೇ ಅಂಟಿಕೊಂಡಿವೆ. ಏಳು ಶತಮಾನಗಳ ಹಿಂದೆ ದಫ್ತರದವರು ಮಳೆಗಾಗಿ ವರ್ಷವನ್ನೇ ತಿದ್ದಿದರು. ಇಂದಿನ ದಫ್ತರಗಳು ಒಂದು ಗಡುವನ್ನಾದರೂ ತಿದ್ದಲಾರವೇ?

ಅಜ್ಜ ಇನ್ನೂ ಬೆರಳು ಮಡಚುತ್ತಾನೆ. ಎಣಿಕೆ ತಪ್ಪಿದಾಗ ಅವನು ನಕ್ಷತ್ರವನ್ನು ಬೈಯುವುದಿಲ್ಲ. ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಹಿಸುಕಿ, ಹಸಿ ಎಷ್ಟಿದೆ ಎಂದು ನೋಡುತ್ತಾನೆ.